ಸ್ಥೂಲನೂ ಕೃಶನೂ: ಮಧುಮೇಹದ ವಿಧಗಳನ್ನು ಬೇರ್ಪಡಿಸಿದ ಕಥೆ

"ಸ್ವಾಮಿ, ಎರಡು ಹೊತ್ತು ಉಂಡರೆ ಹೆಚ್ಚು ಎನ್ನುವ ನಮಗೆ ಶ್ರೀಮಂತರ ಕಾಯಿಲೆ ಎಲ್ಲಿಂದ ಬಂತು?" ಎಂದು ಕೇಳುವ ರೋಗಿಯನ್ನು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕುಳಿತ ವೈದ್ಯರೆಲ್ಲ ಒಮ್ಮೆಯಾದರೂ ಕಂಡಿರುತ್ತಾರೆ. ವಯಸ್ಸು 25 ದಾಟಿರುವುದಿಲ್ಲ, ತೂಕ 40 ಕಿಲೋ ಮುಟ್ಟಿರುವುದಿಲ್ಲ. ಕೂಲಿನಾಲಿ ಮಾಡುವ ಮೈ. ತಡೆಯಲಾರದ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವ ಕಾಟ, ತಿಂಗಳಾದರೂ ಮಾಯದ ಕಾಲಿನ ಗಾಯ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇದೆ. ಇದೆ ಎಂದು ಹೇಳುವಲ್ಲಿಗೆ ಪರೀಕ್ಷೆಯ ಕೆಲಸ ಮುಗಿಯಿತು. ವೈದ್ಯರ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಇದು ಯಾವ ಮಧುಮೇಹ?

ಮಧುಮೇಹವನ್ನು ಕುರಿತ ಮಾತುಕತೆಗಳಲ್ಲಿ ಪಥ್ಯ, ನಡಿಗೆ, ಪಾದಗಳ ಆರೈಕೆ ಇವುಗಳಿಗೇ ಸಮಯ ಸರಿಹೋಗುತ್ತದೆ. "ಯಾವ ವಿಧ" ಎಂಬ ಪ್ರಶ್ನೆ ವೈದ್ಯರ ಒಳಮನೆಯ ವಿಷಯವೆಂದು ಬದಿಗೆ ಸರಿಯುತ್ತದೆ. ಆದರೆ ರೋಗಿಯ ಪಾಲಿಗೆ ಅದು ಬದುಕು ಸಾವಿನ ಪ್ರಶ್ನೆ. ಒಂದು ವಿಧದ ರೋಗಿಗೆ ಇನ್ಸುಲಿನ್ ತಪ್ಪಿದರೆ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಸೇರಿ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ಇನ್ನೊಂದು ವಿಧದವರು ಗುಳಿಗೆಯಿಂದಲೂ ಪಥ್ಯದಿಂದಲೂ ದಶಕಗಳ ಕಾಲ ನೆಮ್ಮದಿಯಾಗಿರಬಲ್ಲರು. ಮೊದಲನೆಯವನನ್ನು ಎರಡನೆಯವನೆಂದು ಎಣಿಸಿದರೆ ಆಗುವ ಅನಾಹುತ ಸ್ಪಷ್ಟವಾಗಿಯೇ ಇದೆ. ಇವರಿಬ್ಬರ ಲೆಕ್ಕಕ್ಕೂ ಸೇರದ ಮೂರನೆಯವನೊಬ್ಬನಿದ್ದಾನೆ. ಮೇಲೆ ಪ್ರಶ್ನೆ ಕೇಳಿದವನು ಆತನೇ ಇರಬಹುದು. ಈ ಮೂವರನ್ನು ವೈದ್ಯಶಾಸ್ತ್ರ ಹೇಗೆ ಗುರುತಿಸುತ್ತಾ, ಮರೆಯುತ್ತಾ, ಮತ್ತೆ ಗುರುತಿಸುತ್ತಾ ಬಂತು ಎಂಬುದನ್ನು ಸ್ವಲ್ಪ ಬಿಡುವಾಗಿ ನೋಡೋಣ.

ಚರಕ, ಸುಶ್ರುತ ಸಂಹಿತೆಗಳು ಪ್ರಮೇಹವನ್ನು ಕಫದಿಂದ 10, ಪಿತ್ತದಿಂದ 6, ವಾತದಿಂದ 4 ಎಂದು 20 ಬಗೆಯಾಗಿ ಎಣಿಸುತ್ತವೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು, ಅದು ಜೇನಿನಂತೆ ಸಿಹಿಯಾಗುವುದನ್ನು ಅವು ಬಲ್ಲವು. ಇಷ್ಟು ಎಲ್ಲರಿಗೂ ಗೊತ್ತಿರುವ ಮಾತು. ಹೆಚ್ಚಿನವರ ಗಮನಕ್ಕೆ ಬಾರದೆ ಹೋಗಿರುವುದು ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬರುವ ಒಂದು ವಿಂಗಡಣೆ. ಪ್ರಮೇಹ ಎರಡು ತೆರ: ಹುಟ್ಟಿನಿಂದ ಬಂದ ಸಹಜ, ಅಪಥ್ಯದಿಂದ ಬಂದದ್ದು ಇನ್ನೊಂದು. ಸಹಜದ ರೋಗಿ ಕೃಶ, ಒಣಗಿದ ಮೈಯವನು, ಉಣ್ಣುವುದು ಕಡಿಮೆ, ಬಾಯಾರಿಕೆ ವಿಪರೀತ, ಕುಳಿತಲ್ಲಿ ಕೂರಲಾರ. ಅಪಥ್ಯದ ರೋಗಿ ಸ್ಥೂಲ, ಬಹಳ ಉಣ್ಣುವವನು, ಹಾಸಿಗೆ ನಿದ್ದೆಗಳಲ್ಲಿ ಪ್ರೀತಿಯುಳ್ಳವನು. ಅಷ್ಟಕ್ಕೇ ನಿಲ್ಲದೆ ಗ್ರಂಥ ಚಿಕಿತ್ಸೆಯನ್ನೂ ಬೇರೆ ಮಾಡುತ್ತದೆ. ಕೃಶನನ್ನು ಅನ್ನಪಾನಗಳಿಂದ ಪೋಷಿಸಬೇಕು, ಸ್ಥೂಲನನ್ನು ಇಳಿಸಬೇಕು. ಇದನ್ನು ಓದಿ "ಇಂದಿನ ಒಂದನೇ ವಿಧ, ಎರಡನೇ ವಿಧಗಳು ನಮ್ಮವರಿಗೆ ಅಂದೇ ತಿಳಿದಿದ್ದವು" ಎಂದು ಹೆಮ್ಮೆಪಡುವವರಿದ್ದಾರೆ. ಅಷ್ಟು ದೂರ ಹೋಗುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ರೋಗದ ಹೆಸರನ್ನು ಹೇಳುವ ಮುಂಚೆ ರೋಗಿಯ ಮೈಯನ್ನು ನೋಡು ಎಂಬ ಶಿಸ್ತು ಮಾತ್ರ ಅಲ್ಲಿದೆ, ಅದೇನೂ ಸಣ್ಣದಲ್ಲ.

ಪಶ್ಚಿಮದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಕ್ರಿಸ್ತಶಕ ಎರಡನೇ ಶತಮಾನದ ಸುಮಾರಿಗೆ ಅರಿಟಿಯಸ್ ಎಂಬ ಗ್ರೀಕ್ ವೈದ್ಯ ಮಾಂಸವೇ ಕರಗಿ ಮೂತ್ರವಾಗಿ ಹರಿದುಹೋಗುವ ರೋಗವೆಂದು ಇದನ್ನು ವರ್ಣಿಸಿದ. 1670ರ ದಶಕದಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸ್ ಮೂತ್ರದ ಸಿಹಿಯನ್ನು ನಾಲಿಗೆಯಿಂದಲೇ ಗುರುತಿಸಿದ. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಕಾಯಿಸಿ ಇಂಗಿಸಿ, ಉಳಿದ ಗಟ್ಟಿ ವಸ್ತು ವಾಸನೆಯಲ್ಲೂ ರುಚಿಯಲ್ಲೂ ಸಕ್ಕರೆಯೇ ಎಂದು ತೋರಿಸಿದ. ರಕ್ತದಲ್ಲಿಯೂ ಸಿಹಿ ಇದೆ ಎಂದ. ಈ ರೋಗ ಕೆಲವರನ್ನು ಕೆಲವೇ ವಾರಗಳಲ್ಲಿ ಕೊಲ್ಲುತ್ತದೆ, ಮತ್ತೆ ಕೆಲವರಲ್ಲಿ ಬಹುಕಾಲ ನಡೆಯುತ್ತದೆ ಎಂಬುದನ್ನೂ ಆತ ಗಮನಿಸಿದ್ದ. ಆದರೆ ರಸಾಯನಶಾಸ್ತ್ರದ ಆ ಉತ್ಸಾಹದ ಕಾಲದಲ್ಲಿ ಸಕ್ಕರೆ ಸಿಕ್ಕಿತು ಎಂಬುದೇ ದೊಡ್ಡದಾಯಿತು. ಸಕ್ಕರೆ ಒಂದೇ ಆದ್ದರಿಂದ ರೋಗವೂ ಒಂದೇ ಎನಿಸಿತು.

ರೋಗಿಯ ಮೈಯತ್ತ ಮತ್ತೆ ಕಣ್ಣು ಹಾಯಿಸಿದವರು ಫ್ರಾನ್ಸಿನ ವೈದ್ಯರು. 1870–71ರಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಹಾಕಿದಾಗ ಊಟಕ್ಕೆ ತತ್ವಾರವಾಯಿತು. ಆ ಹಸಿವಿನ ತಿಂಗಳುಗಳಲ್ಲಿ ತನ್ನ ಕೆಲವು ರೋಗಿಗಳ ಮೂತ್ರದಿಂದ ಸಕ್ಕರೆ ಮಾಯವಾದುದನ್ನು ಅಪೋಲಿನೇರ್ ಬೂಶಾರ್ಡಾ ಕಂಡ. ಮುಂದೆ 1880ರ ಸುಮಾರಿಗೆ ಎಟಿಯೆನ್ ಲಾನ್ಸೆರೋ ಎಂಬಾತ ಕೃಶರ ಮಧುಮೇಹ, ಸ್ಥೂಲರ ಮಧುಮೇಹ ಎಂದು ನೇರವಾಗಿ ಎರಡು ಹೆಸರು ಕೊಟ್ಟ. ತೀರಿಕೊಂಡ ಕೃಶ ರೋಗಿಗಳ ಮೇದೋಜೀರಕ ಗ್ರಂಥಿ ಕೆಟ್ಟಿರುವುದನ್ನು ಆತ ಶವಪರೀಕ್ಷೆಯಲ್ಲಿ ನೋಡಿದ್ದ. ಸುಶ್ರುತ ಸಂಹಿತೆಯ ಮಾತು ಬೇರೊಂದು ಭಾಷೆಯಲ್ಲಿ, ಬೇರೊಂದು ಆಧಾರದ ಮೇಲೆ ಮತ್ತೆ ಕೇಳಿಬಂತು.

1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ 14 ವರ್ಷದ ಹುಡುಗ ಲಿಯೊನಾರ್ಡ್ ಥಾಮ್ಸನ್ ಇನ್ಸುಲಿನ್‌ನಿಂದ ಬದುಕಿಕೊಂಡ. ಇದರ ಸಂಭ್ರಮವನ್ನು ಮತ್ತೆ ಹೇಳಬೇಕಾಗಿಲ್ಲ. ಆ ಸಂಭ್ರಮದ ನೆರಳಿನಲ್ಲಿ ಲಾನ್ಸೆರೋವಿನ ಎರಡು ಹೆಸರು ಮರೆಯಾದವು ಎಂಬುದಷ್ಟೇ ನಮಗಿಲ್ಲಿ ಮುಖ್ಯ. ಇನ್ಸುಲಿನ್ ಕೊಟ್ಟರೆ ಸಕ್ಕರೆ ಇಳಿಯುತ್ತದೆ. ಆದ್ದರಿಂದ ಮಧುಮೇಹವೆಂದರೆ ಇನ್ಸುಲಿನ್ನಿನ ಕೊರತೆ, ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ತರ್ಕ ಅಚ್ಚುಕಟ್ಟಾಗಿತ್ತು. ಅಚ್ಚುಕಟ್ಟಾಗಿದ್ದುದರಿಂದಲೇ ಯಾರೂ ಅದನ್ನು ಕೆದಕಲಿಲ್ಲ.

ಕೆದಕಿದವರು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್, ಆಗಿನ್ನೂ ಮೂವತ್ತರ ಹರೆಯದವರು. ಅವರ ಪ್ರಯೋಗ ಬಹು ಸರಳ. ರೋಗಿಗೆ ಗ್ಲೂಕೋಸ್ ನೀರು ಕುಡಿಸುವುದು, ಅದೇ ವೇಳೆಗೆ ರಕ್ತನಾಳಕ್ಕೆ ಅಳತೆಯ ಇನ್ಸುಲಿನ್ ಕೊಡುವುದು, ರಕ್ತದ ಸಕ್ಕರೆಯನ್ನು ಆಗಾಗ ಅಳೆಯುವುದು. ಕೆಲವರಲ್ಲಿ ಇನ್ಸುಲಿನ್ ತನ್ನ ಕೆಲಸ ಮಾಡಿ ಸಕ್ಕರೆಯನ್ನು ಏರಗೊಡಲಿಲ್ಲ. ಇನ್ನು ಕೆಲವರಲ್ಲಿ ಇನ್ಸುಲಿನ್ ಕೊಟ್ಟೇ ಇಲ್ಲವೇನೋ ಎಂಬಂತೆ ಸಕ್ಕರೆ ಏರುತ್ತಾ ಹೋಯಿತು. ಮೊದಲನೆಯವರಲ್ಲಿ ಹೆಚ್ಚಿನವರು ಎಳೆಯರು, ಕೃಶರು, ರೋಗ ಹಠಾತ್ತಾಗಿ ಬಂದವರು. ಎರಡನೆಯವರು ಸಾಮಾನ್ಯವಾಗಿ ವಯಸ್ಸಾದವರು, ಸ್ಥೂಲರು, ರೋಗ ಮೆಲ್ಲಗೆ ಕಾಲಿಟ್ಟವರು. ಮಧುಮೇಹದಲ್ಲಿ ಇನ್ಸುಲಿನ್ನಿಗೆ ಬಗ್ಗುವ ವಿಧ, ಬಗ್ಗದ ವಿಧ ಎಂದು ಎರಡಿವೆ ಎಂದು 1936ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರು ಬರೆದರು. ಎರಡನೆಯವರಿಗೆ ಇನ್ಸುಲಿನ್ ಇಲ್ಲವೆಂದಲ್ಲ, ಇದ್ದದ್ದು ನಾಟುವುದಿಲ್ಲ ಎಂಬ ಸೂಚನೆ ಅದರಲ್ಲಿತ್ತು. ಲೇಖನ ಬಂತು, ಓದಿದರು, ಮರೆತರು. ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಎಂದು ಅಳೆಯುವ ಸಾಧನವೇ ಆಗ ಇರಲಿಲ್ಲವಲ್ಲ!

1951ರಲ್ಲಿ ಜೋಸೆಫ್ ಬೋರ್ನ್‌ಸ್ಟೀನ್ ಮತ್ತು ಆರ್. ಡಿ. ಲಾರೆನ್ಸ್ ಅದಕ್ಕೆ ಒಂದು ಉಪಾಯ ಕಂಡುಕೊಂಡರು. ಲಾರೆನ್ಸ್ ತಾವೇ ಮಧುಮೇಹಿ. ಸಾವಿನ ದಿನ ಎಣಿಸುತ್ತಾ ಇಟಲಿಯ ಫ್ಲಾರೆನ್ಸಿನಲ್ಲಿದ್ದಾಗ 1923ರಲ್ಲಿ ಇನ್ಸುಲಿನ್ ಬಂದ ಸುದ್ದಿ ತಿಳಿದು ಲಂಡನ್ನಿಗೆ ಮರಳಿ ಬದುಕಿಕೊಂಡವರು. ಇವರಿಬ್ಬರೂ ಇನ್ಸುಲಿನ್ನಿಗೆ ಅತಿಸೂಕ್ಷ್ಮವಾಗುವಂತೆ ಸಿದ್ಧಪಡಿಸಿದ ಇಲಿಗಳಿಗೆ ರೋಗಿಗಳ ರಕ್ತದ್ರವವನ್ನು ಚುಚ್ಚಿ ನೋಡಿದರು. ಸ್ಥೂಲರ ರಕ್ತದಿಂದ ಇಲಿಯ ಸಕ್ಕರೆ ಇಳಿಯಿತು. ಎಳೆಯ ಕೃಶರ ರಕ್ತದಿಂದ ಇಳಿಯಲಿಲ್ಲ. ಮುಂದೆ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ವಿಕಿರಣವಸ್ತುವಿನ ನೆರವಿನಿಂದ ರಕ್ತದ ಇನ್ಸುಲಿನ್ನನ್ನು ನೇರವಾಗಿ ಅಳೆಯುವ ವಿಧಾನವನ್ನು ರೂಪಿಸಿದರು. ನಡುವಯಸ್ಸಿನಲ್ಲಿ ಮಧುಮೇಹ ಬಂದ ಹಲವರ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಿರಲಿಲ್ಲ, ಆರೋಗ್ಯವಂತರಿಗಿಂತ ಹೆಚ್ಚೇ ಇತ್ತು ಎಂದು 1960ರ ಹೊತ್ತಿಗೆ ಸಿದ್ಧವಾಯಿತು. ಹಿಮ್ಸ್‌ವರ್ತ್ ಹೇಳಿದ್ದು ನಿಜವಾಗಲು ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ಯಾಲೋ 1977ರಲ್ಲಿ ನೊಬೆಲ್ ಬಹುಮಾನ ಪಡೆದಾಗ ಬರ್ಸನ್ ತೀರಿಕೊಂಡು ಐದು ವರ್ಷವಾಗಿತ್ತು.

ಕೃಶ ರೋಗಿಯ ಇನ್ಸುಲಿನ್ ಎಲ್ಲಿ ಹೋಯಿತು? 1965ರಲ್ಲಿ ಬೆಲ್ಜಿಯಂನ ವಿಲ್ಲಿ ಗೆಪ್ಟ್ಸ್, ರೋಗ ಕಾಣಿಸಿದ ಸ್ವಲ್ಪ ಕಾಲಕ್ಕೇ ತೀರಿಕೊಂಡ ಎಳೆಯರ ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಇನ್ಸುಲಿನ್ ತಯಾರಿಸುವ ಕಿರುದ್ವೀಪಗಳಿಗೆ ಬಿಳಿರಕ್ತಕಣಗಳು ಮುತ್ತಿಗೆ ಹಾಕಿದ್ದವು. ಒಂಬತ್ತು ವರ್ಷದ ನಂತರ, 1974ರಲ್ಲಿ, ಲಂಡನ್ನಿನಲ್ಲಿ ಬೊಟ್ಟಾಜೊ, ಡೋನಿಯಾಕ್ ಮತ್ತು ಸಂಗಡಿಗರು ಆ ಕಿರುದ್ವೀಪಗಳ ವಿರುದ್ಧ ದೇಹವೇ ತಯಾರಿಸಿಕೊಂಡ ಪ್ರತಿಕಾಯಗಳನ್ನು ರೋಗಿಗಳ ರಕ್ತದಲ್ಲಿ ಪತ್ತೆಮಾಡಿದರು. ಮನೆಯ ಕಾವಲುಗಾರನೇ ಮನೆಯವರ ಮೇಲೆ ಬಿದ್ದಂತೆ. ಇದು ಒಂದನೇ ವಿಧ. ನಾಟದ ಇನ್ಸುಲಿನ್ನಿನದು ಎರಡನೇ ವಿಧ. 1979ರಲ್ಲಿ ಅಮೆರಿಕದ ತಜ್ಞರ ಮಂಡಳಿಯೂ 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇನ್ಸುಲಿನ್ ಅವಲಂಬಿತ, ಇನ್ಸುಲಿನ್ ಅವಲಂಬಿತವಲ್ಲದ ಎಂದು ಪಟ್ಟಿ ಮಾಡಿ ಮುದ್ರೆಯೊತ್ತಿದವು.

ಈ ಪಟ್ಟಿಯನ್ನು ಹಿಡಿದು ನಮ್ಮ ಹೊರರೋಗಿ ವಿಭಾಗಕ್ಕೆ ಬಂದರೆ ಮೊದಲಿನ ಆ ಯುವಕ ಎಲ್ಲಿ ಕೂರಬೇಕು? ಕೃಶನಾದ್ದರಿಂದ ಮತ್ತು ಎಳೆಯನಾದ್ದರಿಂದ ಒಂದನೇ ವಿಧದಲ್ಲಿ ಎನ್ನೋಣವೇ? ಆದರೆ ಆತನಿಗೆ ಇನ್ಸುಲಿನ್ ವಾರಗಟ್ಟಲೆ ಸಿಗದೆ ಹೋದರೂ ಕೀಟೋನ್ ಏರುವುದಿಲ್ಲ, ಪ್ರಜ್ಞೆ ತಪ್ಪುವುದಿಲ್ಲ. ಸಕ್ಕರೆ ಮಾತ್ರ 400, 500 ಎಂದು ಕುಣಿಯುತ್ತಿರುತ್ತದೆ. ಎರಡನೇ ವಿಧ ಎನ್ನೋಣವೆಂದರೆ ಸೊಂಟದಲ್ಲಿ ಬೆರಳಿಗೆ ಸಿಗುವಷ್ಟು ಕೊಬ್ಬಿಲ್ಲ.

ಇಂಥವರನ್ನು ಪಾಶ್ಚಾತ್ಯ ವೈದ್ಯರು ಕಂಡದ್ದೂ ಉಷ್ಣವಲಯದಲ್ಲೇ. 1955ರಲ್ಲಿ ಹ್ಯೂ-ಜೋನ್ಸ್ ಜಮೈಕಾದ 215 ಮಧುಮೇಹಿಗಳನ್ನು ಪರೀಕ್ಷಿಸಿ, ಅವರಲ್ಲಿ 13 ಮಂದಿ ಎರಡೂ ಗುಂಪಿಗೆ ಸೇರುವುದಿಲ್ಲವೆಂದು ಜಮೈಕಾದ ಮೊದಲಕ್ಷರದಿಂದ ಜೆ ವಿಧ ಎಂದು ಕರೆದರು. ಅವರು ಎಳೆಯರು, ಬಡಕಲು ಮೈಯವರು. ಇನ್ಸುಲಿನ್ ದೊಡ್ಡ ಪ್ರಮಾಣದಲ್ಲಿ ಬೇಕು, ನಿಲ್ಲಿಸಿದರೆ ಕೀಟೋನ್ ಇಲ್ಲ. 1959ರಲ್ಲಿ ಜೂಯ್ಡೆಮಾ ಇಂಡೊನೇಷ್ಯದ ಬಡ ರೋಗಿಗಳ ಮೇದೋಜೀರಕ ಗ್ರಂಥಿಯಲ್ಲಿ ಸುಣ್ಣದ ಕಲ್ಲುಗಳನ್ನು ತೋರಿಸಿದರು. ಅದನ್ನು ಜಗತ್ತಿನಲ್ಲೇ ಅತಿ ಹೆಚ್ಚು ಕಂಡವರು ನಮ್ಮ ನೆರೆಯ ಕೇರಳದ ಡಾ. ಪಿ. ಜೆ. ಗೀವರ್ಗೀಸ್. ಸಾವಿರಕ್ಕೂ ಮಿಕ್ಕಿ ಇಂಥ ರೋಗಿಗಳನ್ನು ಅವರು ದಾಖಲಿಸಿದರು, 1968ರಲ್ಲಿ ಆ ಬಗ್ಗೆ ಗ್ರಂಥವನ್ನೇ ಬರೆದರು. ಬಾಲ್ಯದಲ್ಲಿ ಹೊಟ್ಟೆನೋವು, ಹರೆಯದಲ್ಲಿ ಮಧುಮೇಹ, ಬಾಳಿ ಬದುಕಬೇಕಾದ ವಯಸ್ಸಿನಲ್ಲಿ ಸಾವು: ಇದು ಅವರು ಕಂಡ ರೋಗಿಯ ಜಾತಕ. ಹೊಟ್ಟೆಯ ಒಂದು ಸಾಮಾನ್ಯ ಕ್ಷ-ಕಿರಣ ಚಿತ್ರ ತೆಗೆದರೆ ಬೆನ್ನುಮೂಳೆಯ ಆಚೀಚೆ ಬಿಳಿ ಕಲ್ಲುಗಳು ಹರಳು ಚೆಲ್ಲಿದಂತೆ ಕಾಣುತ್ತವೆ. ಇಷ್ಟು ಅಗ್ಗದ ಪರೀಕ್ಷೆ ಮಧುಮೇಹದ ವಿಧ ನಿರ್ಣಯದಲ್ಲಿ ಮತ್ತೊಂದಿಲ್ಲ. ಆದರೂ ಹೊಟ್ಟೆನೋವನ್ನು ವಿಚಾರಿಸದೆಯೇ ಸಕ್ಕರೆಗೆ ಔಷಧಿ ಬರೆಯುವುದು ನಿಂತಿಲ್ಲ.

ಕಾರಣವೇನು? ಕೇರಳದ ಬಡವರ ಊಟ ಮರಗೆಣಸು; ಅದರಲ್ಲಿರುವ ಸಯನೈಡಿನ ಅಂಶವೇ ಗ್ರಂಥಿಯನ್ನು ಕೆಡಿಸುತ್ತದೆಂದು 1979ರಲ್ಲಿ ಮ್ಯಾಕ್‌ಮಿಲನ್ ಮತ್ತು ಗೀವರ್ಗೀಸ್ ವಾದಿಸಿದರು. ವಾದ ಬಹಳ ಜನಪ್ರಿಯವಾಯಿತು. ಆದರೆ ಮರಗೆಣಸನ್ನು ತಿನ್ನದವರಲ್ಲೂ ಕಲ್ಲು ಕಂಡಿತು, ಹೊಟ್ಟೆತುಂಬ ಉಣ್ಣುವವರಲ್ಲೂ ಕಂಡಿತು. 2000ದ ದಶಕದ ಆರಂಭದಲ್ಲಿ ಅನೇಕ ರೋಗಿಗಳಲ್ಲಿ ಒಂದು ವಂಶವಾಹಿಯ ದೋಷವೂ ಪತ್ತೆಯಾಯಿತು. ಒಡಿಶಾದ ಕಟಕ್‌ನಲ್ಲಿ ಡಾ. ಬಿ. ಬಿ. ತ್ರಿಪಾಠಿ ಮತ್ತು ಸಂಗಡಿಗರು ಕಲ್ಲು ಇಲ್ಲದ ಬಡಕಲು ರೋಗಿಗಳನ್ನೂ ಬಹುವಾಗಿ ಕಂಡಿದ್ದರು. ಇವೆಲ್ಲವನ್ನು ಪರಿಗಣಿಸಿ 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪೌಷ್ಟಿಕತೆಯ ಮಧುಮೇಹ ಎಂಬ ಹೊಸ ವರ್ಗವನ್ನೇ ಸೇರಿಸಿತು. ಕಲ್ಲು ಇರುವುದು ಒಂದು ಉಪವಿಧ, ಇಲ್ಲದಿರುವುದು ಇನ್ನೊಂದು. ಆ ಯುವಕನಿಗೆ ಕೊನೆಗೂ ಒಂದು ಹೆಸರು ಸಿಕ್ಕಿತು.

ಹೆಸರು ಉಳಿದದ್ದು 14 ವರ್ಷ. 1999ರ ಪಟ್ಟಿಯಲ್ಲಿ ಸಂಸ್ಥೆ ಆ ವರ್ಗವನ್ನು ತೆಗೆದುಹಾಕಿತು. ಪೌಷ್ಟಿಕತೆಯ ಕೊರತೆಯೊಂದೇ ಮಧುಮೇಹವನ್ನು ತರುತ್ತದೆ ಎಂಬುದಕ್ಕೆ ಒಪ್ಪುವಂಥ ಸಾಕ್ಷ್ಯವಿಲ್ಲ ಎಂಬುದು ಕಾರಣ. ಕಲ್ಲಿನ ವಿಧಕ್ಕೆ ಮೇದೋಜೀರಕ ಗ್ರಂಥಿಯ ರೋಗಗಳ ಸಾಲಿನಲ್ಲಿ ಜಾಗ ಸಿಕ್ಕಿತು, ಕಲ್ಲಿಲ್ಲದವನು ಬೀದಿಪಾಲಾದ. ಸಾಕ್ಷ್ಯದ ಮಾತನ್ನು ತಳ್ಳಿಹಾಕುವಂತಿಲ್ಲ. ಹಸಿವಿಗೂ ಮಧುಮೇಹಕ್ಕೂ ಇರುವ ನಂಟು ಅಷ್ಟು ಸರಳವಲ್ಲವೆಂದು ನಮ್ಮ ಮೈಸೂರಿನ ಹಳೆಯ ಕಡತಗಳೇ ಹೇಳಿದ್ದವು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧುಮೇಹ ಹೆಚ್ಚಾಗಿ ಕಂಡದ್ದು ಬರಿಯ ಕಡಿಮೆ ತೂಕದ ಕೂಸುಗಳಾಗಿದ್ದವರಲ್ಲಿ ಅಲ್ಲ. ಉದ್ದಕ್ಕೆ ಹೋಲಿಸಿದರೆ ತೂಕ ಹೆಚ್ಚಿದ್ದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ. ಆದರೂ ಒಂದು ಮಾತು ಉಳಿಯುತ್ತದೆ. ಕಾರಣ ಗೊತ್ತಿಲ್ಲವೆಂದು ಹೆಸರನ್ನು ಅಳಿಸಬಹುದು, ರೋಗಿ ಮಾತ್ರ ಮರುದಿನವೂ ಸರದಿಯಲ್ಲಿ ನಿಂತಿರುತ್ತಾನೆ. ಹೆಸರಿಲ್ಲದಿದ್ದರೆ ಅವನನ್ನು ಕುರಿತು ಸಂಶೋಧನೆಗೆ ಹಣವೂ ಇಲ್ಲ, ಪಠ್ಯಪುಸ್ತಕದಲ್ಲಿ ಪುಟವೂ ಇಲ್ಲ.

ಇಷ್ಟರಲ್ಲಿ ಎರಡು ವಿಧಗಳ ನಡುವಣ ಗೋಡೆಯೂ ಬಿರುಕು ಬಿಡುತ್ತಿತ್ತು. 1974ರಲ್ಲಿ ರಾಬರ್ಟ್ ಟ್ಯಾಟರ್‌ಸಾಲ್ ಮೂರು ಕುಟುಂಬಗಳನ್ನು ವರ್ಣಿಸಿದರು. ಅಲ್ಲಿ ಎಳವೆಯಲ್ಲೇ ಬಂದ ಮಧುಮೇಹ ತಲೆಮಾರಿನಿಂದ ತಲೆಮಾರಿಗೆ ಇಳಿದಿತ್ತು, ಆದರೂ ಸೌಮ್ಯವಾಗಿತ್ತು. ಹುಟ್ಟಿದ ತಿಂಗಳುಗಳಲ್ಲೇ ಮಧುಮೇಹ ಬಂದ ಕೂಸುಗಳನ್ನು ಒಂದನೇ ವಿಧವೆಂದೇ ಎಣಿಸಿ ಜೀವಮಾನವಿಡೀ ಇನ್ಸುಲಿನ್ ಚುಚ್ಚುತ್ತಿದ್ದರು. 2004ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ತಂಡ ಅಂಥ ಹಲವರಲ್ಲಿ ಒಂದೇ ವಂಶವಾಹಿಯ ದೋಷವನ್ನು ಕಂಡಿತು. 2006ರಲ್ಲಿ ಆ ದೋಷವಿದ್ದ 49 ಮಂದಿಗೆ ಎರಡನೇ ವಿಧದವರಿಗೆ ಕೊಡುವ ಹಳೆಯ ಗುಳಿಗೆಯನ್ನೇ ಕೊಟ್ಟಾಗ 44 ಮಂದಿಯ ಇನ್ಸುಲಿನ್ ನಿಂತೇಹೋಯಿತು. ಮಗುವಿನ ಮೈಗೆ ದಿನವೂ ಸೂಜಿ ಚುಚ್ಚಿದ ತಾಯಂದಿರಿಗೆ ಈ 44ರ ಬೆಲೆ ಗೊತ್ತು. ಇನ್ನೊಂದು ತುದಿಯಲ್ಲಿ, ಬ್ರಿಟನ್ನಿನ ಗೃಹಸಚಿವೆಯಾಗಿದ್ದ ತೆರೇಸಾ ಮೇ ಅವರಿಗೆ 2012ರಲ್ಲಿ, 56ನೇ ವಯಸ್ಸಿನಲ್ಲಿ ಸಕ್ಕರೆ ಕಂಡಾಗ ಎರಡನೇ ವಿಧವೆಂದೇ ಹೇಳಿ ಗುಳಿಗೆ ಕೊಟ್ಟರು. ಗುಳಿಗೆಗೆ ಬಗ್ಗದಾಗ ಮತ್ತೆ ಪರೀಕ್ಷಿಸಿ, ಒಂದನೇ ವಿಧವೆಂದು ತಿಳಿದು ಇನ್ಸುಲಿನ್ ಶುರುವಾಯಿತು. ಒಂದನೇ ವಿಧ ಮಕ್ಕಳ ರೋಗ ಎಂಬುದು ನಮ್ಮ ರೂಢಿಯ ಮಾತಷ್ಟೇ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿಯನ್ನು ಮತ್ತೆ ತಿದ್ದಿದಾಗ "ಸದ್ಯಕ್ಕೆ ವಿಂಗಡಿಸಲಾಗದ್ದು" ಎಂಬ ಖಾನೆಯನ್ನೂ ಇಟ್ಟಿತು. ನನಗೆ ಆ ಪಟ್ಟಿಯಲ್ಲಿ ಅತ್ಯಂತ ಪ್ರಾಮಾಣಿಕವಾಗಿ ಕಂಡದ್ದು ಈ ಖಾನೆಯೇ.

ಕೃಶ ಯುವಕನ ಕಥೆ ವೆಲ್ಲೂರಿನಲ್ಲಿ ಮುಂದುವರಿಯಿತು. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜೂ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜೂ ಕೂಡಿ 73 ಮಂದಿ ಗಂಡಸರನ್ನು ಸೂಕ್ಷ್ಮವಾಗಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದವು. (ಕಾಕತಾಳೀಯವೆಂದರೆ ಆ ಕಾಲೇಜಿರುವುದೂ ಯಾಲೋ ಇನ್ಸುಲಿನ್ ಅಳೆದ ಬ್ರಾಂಕ್ಸ್‌ನಲ್ಲೇ.) ಬಡಕಲು ರೋಗಿಗಳಲ್ಲಿ ಇನ್ಸುಲಿನ್ ಸ್ರಾವ ಎರಡನೇ ವಿಧದವರಿಗಿಂತ ಬಹಳ ಕಡಿಮೆ, ಆದರೆ ಇದ್ದಷ್ಟು ಇನ್ಸುಲಿನ್ ಚೆನ್ನಾಗಿ ನಾಟುತ್ತದೆ, ಯಕೃತ್ತಿನಲ್ಲಿ ಕೊಬ್ಬೂ ಕಡಿಮೆ. ಅಂದರೆ ಹಿಮ್ಸ್‌ವರ್ತ್‌ರ ಎರಡನೇ ಗುಂಪಿಗೆ ಇವರು ಸೇರುವುದಿಲ್ಲ. ಮೊದಲನೆಯದಕ್ಕೂ ಪೂರ್ತಿ ಸೇರುವುದಿಲ್ಲ. ಊಟ ಖಾತ್ರಿಯಿಲ್ಲದ ಮನೆಯಲ್ಲಿ ಇಂಥವರಿಗೆ ಒಂದನೇ ವಿಧದ ಲೆಕ್ಕದಲ್ಲಿ ಇನ್ಸುಲಿನ್ ಕೊಟ್ಟರೆ ಸಕ್ಕರೆ ಹಠಾತ್ತನೆ ಕುಸಿದು ಅಪಾಯವಾಗಬಹುದು. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇದನ್ನು ಐದನೇ ವಿಧ ಎಂದು ಅಂಗೀಕರಿಸಿತು. ಜಗತ್ತಿನಲ್ಲಿ ಇಂಥವರು 2ರಿಂದ 2.5 ಕೋಟಿ ಇರಬಹುದೆಂಬ ಅಂದಾಜೂ ಹೊರಬಂತು.

ಎಲ್ಲರೂ ಒಪ್ಪಿದರೆಂದಲ್ಲ. ನಮ್ಮ ದೇಶದಲ್ಲಿ ಎರಡನೇ ವಿಧವೇ ಎಳೆಯರಿಗೂ ತೆಳುಮೈಯವರಿಗೂ ಬರುತ್ತದೆ, ಅವರನ್ನೆಲ್ಲ ಐದಕ್ಕೆ ತಳ್ಳಿಬಿಡುವ ಅಪಾಯವಿದೆ ಎಂಬುದು ಆಕ್ಷೇಪಿಸುವವರ ಮಾತು. ಅದರಲ್ಲಿ ಹುರುಳಿದೆ. ಏಕೆಂದರೆ ಐದನೆಯದನ್ನು ಹೌದೆಂದು ತೋರಿಸುವ ಒಂದೇ ರಕ್ತ ಪರೀಕ್ಷೆ ಇಲ್ಲ. ಉಳಿದವನ್ನು ಅಲ್ಲವೆನ್ನುತ್ತಾ ಅಲ್ಲಿಗೆ ತಲುಪಬೇಕು. ಪ್ರತಿಕಾಯ ಇದೆಯೇ ಎಂದು ನೋಡಿ ಒಂದನೆಯದನ್ನು ದೂರವಿಡಬೇಕು. ಇನ್ಸುಲಿನ್ನಿನ ಜೊತೆಗೇ ಹುಟ್ಟುವ ಸಿ-ಪೆಪ್ಟೈಡ್ ಅಳೆದು ಗ್ರಂಥಿಯ ಶಕ್ತಿ ಎಷ್ಟು ಉಳಿದಿದೆ ಎಂದು ತಿಳಿಯಬೇಕು. ಕ್ಷ-ಕಿರಣ ಚಿತ್ರದಲ್ಲಿ ಕಲ್ಲು ಹುಡುಕಬೇಕು, ಮನೆಯಲ್ಲಿ ಎಷ್ಟು ತಲೆಮಾರಿಗೆ ಬಂದಿದೆ ಎಂದು ಕೇಳಬೇಕು. ಪ್ರತಿಕಾಯದ ಮತ್ತು ಸಿ-ಪೆಪ್ಟೈಡಿನ ಪರೀಕ್ಷೆಗೆ ತಗಲುವ ಹಣ ಕೂಲಿಕಾರನಿಗೆ ಹಲವು ದಿನಗಳ ಸಂಬಳ. ಕಾಸಿಲ್ಲದೆ ಆಗುವುದು ತೂಕದ ಯಂತ್ರ, ಸೊಂಟದ ಸುತ್ತಳತೆಯ ಟೇಪು, ಮತ್ತು ಚಿಕ್ಕಂದಿನಲ್ಲಿ ಹೊಟ್ಟೆನೋವು ಇತ್ತೇ, ದಿನಕ್ಕೆ ಎಷ್ಟು ಹೊತ್ತು ಊಟ ಎಂಬ ಎರಡು ಪ್ರಶ್ನೆ.